ಮೌಂಟ್ ಟ್ಯಾಲಕ್ ಒಂದೇ ದಿನದಲ್ಲಿ ಹತ್ತಿ ಇಳಿಯೋದು ಹೇಗೆ: ಕೆರೆ, ಶಿಖರ, ಮಧ್ಯದ ಲೆಕ್ಕಾಚಾರ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಇರೋ ನಮ್ಮವರು ಟಾಹೋ ಅನ್ನೋ ದೊಡ್ಡ ಕೆರೆ ಕಡೆಗೆ ಹೋಗ್ತಾನೇ ಇರ್ತಾರೆ, ಚಳಿಗಾಲದಲ್ಲಿ ಹಿಮ ನೋಡಕ್ಕೆ, ಬೇಸಿಗೇಲಿ ಬೀಚಲ್ಲಿ ಕೂರಕ್ಕೆ, ಎಮರಾಲ್ಡ್ ಬೇ ಹತ್ರ ಗಾಡಿ ನಿಲ್ಸಿ ಫೋಟೋ ತೆಗೆಯಕ್ಕೆ. ಸೌತ್ ಲೇಕ್ ಟಾಹೋ ಕಡೆಯಿಂದ ನೋಡಿದ್ರೆ ನೀರಿನ ಪಶ್ಚಿಮಕ್ಕೆ ಒಂದು ದೊಡ್ಡ ಬೆಟ್ಟ ಎದ್ದು ನಿಂತಿರತ್ತಲ್ಲ, ಬೇಸಿಗೆ ಶುರುವಾದ್ಮೇಲೂ ಅದರ ಮೈ ಮೇಲೆ ಶಿಲುಬೆ ಆಕಾರದಲ್ಲಿ ಹಿಮ ಉಳ್ಕೊಂಡಿರತ್ತೆ, ಅದೇ ಮೌಂಟ್ ಟ್ಯಾಲಕ್. ಎತ್ತರ 9,735 ಅಡಿ, ಅಂದ್ರೆ 2,967 ಮೀಟರ್. ಹೋಗಿ ಬರೋದು ಸೇರಿ ಸುಮಾರು 10 ಮೈಲಿ, ಹತ್ತೋದು 3,250 ಅಡಿ ಆಸುಪಾಸು. ದಾರೀಲಿ ಎರಡು ಪುಟ್ಟ ಕೆರೆ ಸಿಗತ್ವೆ, ಮೇಲೆ ಹೋದ್ರೆ ಇಡೀ ಲೇಕ್ ಟಾಹೋ ಕಾಲ ಕೆಳಗೆ. ನನಗಂತೂ ಕ್ಯಾಲಿಫೋರ್ನಿಯಾದಲ್ಲಿ ಒಂದು ದಿನದ ಚಾರಣ ಅಂದ್ರೆ ಮೊದಲು ನೆನಪಾಗೋದು ಇದೇ.

ಇದನ್ನ ಇಷ್ಟು ಉದ್ದ ಬರೀತಿರೋದಕ್ಕೆ ಕಾರಣ ಇದೆ. 10 ಮೈಲಿ ಅಂದ ತಕ್ಷಣ ಜನ ಎರಡು ಭಾಗ ಮಾಡ್ಕೊಂಡುಬಿಡ್ತಾರೆ, ಎರಡೂವರೆ ಮೈಲಿಗೆ ಕೆಥೀಡ್ರಲ್ ಲೇಕ್ ಸಿಗತ್ತೆ, ಹತ್ತೋದು ಒಟ್ಟು 5 ಮೈಲಿ, ಹಾಗಾದ್ರೆ ಅರ್ಧ ಮುಗೀತು ಅಂತ. ದೂರದ ಲೆಕ್ಕದಲ್ಲಿ ಹೌದು, ಅರ್ಧ. ಆದ್ರೆ ಏರಿನ ಲೆಕ್ಕದಲ್ಲಿ ಅಲ್ಲಿಗೆ ಆಗಿರೋದು ಮೂರನೇ ಒಂದು ಭಾಗ ಅಷ್ಟೇ, ಇನ್ನೂ 2,000 ಅಡಿಗಿಂತ ಜಾಸ್ತಿ ಬಾಕಿ, ಅದೂ ನೆರಳೇ ಇಲ್ದೆ, ಕಲ್ಲು ಜಾರೋ ದಾರೀಲಿ, ತೆಳು ಗಾಳೀಲಿ. ಹಾಗಾಗಿ ಇಡೀ ದಿನದ ಪ್ಲಾನ್ ಆ ಕೆರೆ ಹತ್ರ ನೀವು ತಗೊಳ್ಳೋ ನಿರ್ಧಾರದ ಸುತ್ತ ಇರ್ಬೇಕು. ಕೆಳಗಿರೋದೆಲ್ಲ ಆ ಜಾಗಕ್ಕೆ ಸರಿಯಾದ ಹೊತ್ತಿಗೆ, ಸರಿಯಾದ ಸ್ಥಿತೀಲಿ ತಲುಪೋದು ಹೇಗೆ, ಅಲ್ಲಿಂದ ಮುಂದೇನು ಅನ್ನೋದರ ಬಗ್ಗೆ.

ಮೊದಲು ಎತ್ತರದ ವಿಷಯ

"ನಾನು ಕುಮಾರ ಪರ್ವತ ಹತ್ತಿದೀನಿ, ಇದೇನು ಮಹಾ" ಅನ್ನೋರು ತುಂಬಾ ಜನ. ನಿಜ ಹೇಳ್ಬೇಕಂದ್ರೆ ಕುಕ್ಕೆಯಿಂದ ಕುಮಾರ ಪರ್ವತಕ್ಕೆ ಹತ್ತೋದು ಇದಕ್ಕಿಂತ ಜಾಸ್ತೀನೇ, ಕಾಲಿಗೆ ಅದೇ ಕಷ್ಟ. ಆದ್ರೆ ಕುಮಾರ ಪರ್ವತದ ತುದಿ 1,712 ಮೀಟರ್, ಟ್ಯಾಲಕ್‌ನಲ್ಲಿ ನೀವು ಕಾರು ನಿಲ್ಸೋ ಜಾಗವೇ ಅದಕ್ಕಿಂತ ಎತ್ತರದಲ್ಲಿದೆ! ಸುಮಾರು 6,400 ಅಡಿ, ಅಂದ್ರೆ ಹೆಚ್ಚುಕಮ್ಮಿ ನಮ್ಮ ಮುಳ್ಳಯ್ಯನಗಿರಿ ತುದೀಲಿ ಗಾಡಿ ಪಾರ್ಕ್ ಮಾಡಿ ಅಲ್ಲಿಂದ ಇನ್ನೊಂದು ಸಾವಿರ ಮೀಟರ್ ಹತ್ತಿದ ಹಾಗೆ. ಶಿಖರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕೆ ಹೋಲಿಸಿದ್ರೆ ಸುಮಾರು ಶೇಕಡ 70, ಒಂದೊಂದು ಉಸಿರಿಗೂ ಆಕ್ಸಿಜನ್ ಸುಮಾರು ಶೇಕಡ 30 ಕಮ್ಮಿ. ಸನಿವೇಲ್, ಫ್ರೀಮಾಂಟ್ ಕಡೆಯವರೆಲ್ಲ ಸಮುದ್ರ ಮಟ್ಟದಲ್ಲೇ ಬದುಕೋರು, ದಿನಾ ಐದು ಮೈಲಿ ಓಡೋರಿಗೂ ಅಲ್ಲಿ ತಲೆನೋವು ಬರಬಹುದು, ಅದಕ್ಕೂ ಫಿಟ್‌ನೆಸ್‌ಗೂ ಸಂಬಂಧ ಇಲ್ಲ.

ಅದಕ್ಕೇ ರಾತ್ರಿ ಎರಡು ಗಂಟೆಗೆ ಎದ್ದು ನಾಲ್ಕು ಗಂಟೆ ಡ್ರೈವ್ ಮಾಡಿ ನೇರ ಬೆಟ್ಟ ಹತ್ತೋ ಪ್ಲಾನ್ ಬೇಡ. ಹಿಂದಿನ ದಿನ ಮಧ್ಯಾಹ್ನವೇ ಹೊರಡಿ, ಸ್ಯಾಕ್ರಮೆಂಟೊ ದಾಟಿ ಹೈವೇ 50ರಲ್ಲಿ ಪ್ಲಾಸರ್‌ವಿಲ್, ಎಕೋ ಸಮಿಟ್ ಮೇಲೆ ಹಾದು ಸಂಜೆಗೆ ಸೌತ್ ಲೇಕ್ ಟಾಹೋ ಸೇರ್ಕೊಳ್ಳಿ, ಅಲ್ಲೇ ಮಲಗಿ. ಲೇಕ್ ಟಾಹೋದ ನೀರಿನ ಮಟ್ಟವೇ 6,200 ಅಡಿ ಮೇಲಿದೆ, ಒಂದು ರಾತ್ರಿ ಅಲ್ಲಿ ಕಳೆದ್ರೂ ದೇಹಕ್ಕೆ ಅಷ್ಟಾದ್ರೂ ಅಭ್ಯಾಸ ಆಗತ್ತೆ. ಆ ರಾತ್ರಿ ನೀರು ಚೆನ್ನಾಗಿ ಕುಡೀರಿ, ಬಿಯರ್ ಗಿಯರ್ ಇದ್ರೆ ಇಳಿದು ಬಂದ್ಮೇಲೆ ಇಟ್ಕೊಳ್ಳಿ.

ಯಾವ ತಿಂಗಳು

ಜುಲೈ ಮಧ್ಯದಿಂದ ಸೆಪ್ಟೆಂಬರ್ ಕೊನೆವರೆಗೆ. ಜೂನ್‌ನಲ್ಲಿ ಸ್ಯಾನ್ ಹೋಸೇಲಿ ಬೆವರು ಸುರೀತಿದ್ರೂ ಕೆಥೀಡ್ರಲ್ ಲೇಕ್ ಮೇಲಿನ ಕಡಿದಾದ ಜಾಗದಲ್ಲಿ ಹಿಮ ಇರತ್ತೆ, ಬೆಳಿಗ್ಗೆ ಅದು ಕಲ್ಲಿನಷ್ಟು ಗಟ್ಟಿ, ಜಾರಿದ್ರೆ ಕೆಳಗೆ ಬಂಡೆಗಳು, ಮಧ್ಯಾಹ್ನ ಆದ್ರೆ ಮೆತ್ತಗಾಗಿ ತೊಡೆವರೆಗೂ ಕಾಲು ಹೂತ್ಕೊಳತ್ತೆ. ಮೈಕ್ರೋಸ್ಪೈಕ್ (ಶೂಗೆ ಹಾಕೋ ಮುಳ್ಳಿನ ಸರಪಳಿ), ಐಸ್ ಆ್ಯಕ್ಸ್ (ಹಿಮಕ್ಕೆ ಚುಚ್ಚಿ ಹಿಡ್ಕೊಳ್ಳೋ ಕೊಡಲಿ) ಬಳಸಿ ಗೊತ್ತಿಲ್ದೇ ಇರೋರು ಜೂನ್‌ನಲ್ಲಿ ಕೆರೆವರೆಗೆ ಹೋಗಿ ವಾಪಸ್ ಬನ್ನಿ. 2023ರ ಥರ ವಿಪರೀತ ಹಿಮ ಬಿದ್ದ ವರ್ಷ ಆದ್ರೆ ಜುಲೈ ಕೊನೇಲೂ ಹಿಮದ ಪಟ್ಟಿಗಳು ಸಿಗತ್ವೆ, ಹೊರಡೋ ವಾರ ಇತ್ತೀಚೆಗೆ ಹೋಗಿಬಂದವರ ರಿಪೋರ್ಟ್ ಓದ್ಕೊಳ್ಳಿ.

ಹಿಮ ಕರಗಿದ ಕೂಡ್ಲೇ ಸೊಳ್ಳೆ ಕಾಟ, ಜುಲೈ ಪೂರ್ತಿ ಕೆರೆಗಳ ಹತ್ರ ನಿಲ್ಲಕ್ಕಾಗಲ್ಲ, ರಿಪೆಲೆಂಟ್ ಹಚ್ಕೊಳ್ಳಿ. ಆದ್ರೆ ಹೂವು ನೋಡ್ಬೇಕು ಅಂದ್ರೆ ಅದೇ ಸಮಯ, ಮೇಲಿನ ಇಳಿಜಾರಲ್ಲಿ ನೀಲಿ ಲೂಪಿನ್, ಹಳದಿ ಮ್ಯೂಲ್ಸ್ ಇಯರ್ಸ್, ಕೆಂಪು ಪೇಂಟ್‌ಬ್ರಷ್ ಎಲ್ಲ ಅರಳಿರತ್ವೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಸೊಳ್ಳೆ ಇಲ್ಲ, ಬದಲಿಗೆ ಕಾಡ್ಗಿಚ್ಚಿನ ಹೊಗೆ ಭಯ. 2021ರಲ್ಲಿ ಕಾಲ್ಡೋರ್ ಬೆಂಕಿ ಬಂದಾಗ ಸೌತ್ ಲೇಕ್ ಟಾಹೋ ಊರನ್ನೇ ಖಾಲಿ ಮಾಡಿಸಿದ್ರು. ಬೆಂಕಿ ದೂರ ಇದ್ರೂ ಹೊಗೆ ಬಂದು ಆ ತಗ್ಗಲ್ಲಿ ಕೂರತ್ತೆ, ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳೋ ಏಕ್ಯೂಐ ಸೂಚ್ಯಂಕ 100 ದಾಟಿದ್ರೆ ಹೋಗ್ಬೇಡಿ, ನೋಟಾನೂ ಇರಲ್ಲ, ಎದೆಗೂ ಒಳ್ಳೇದಲ್ಲ.

ಆಗೋದಾದ್ರೆ ವಾರದ ದಿನ ರಜ ಹಾಕಿ. ಶನಿವಾರ ಟ್ರೈಲ್‌ಹೆಡ್‌ನ (ಚಾರಣದ ದಾರಿ ಶುರುವಾಗೋ ಜಾಗ) ಪುಟ್ಟ ಪಾರ್ಕಿಂಗ್ ಬೆಳಗಾಗ್ತಿದ್ದಂಗೇ ತುಂಬೋಗತ್ತೆ.

ಪರ್ಮಿಟ್

ದಾರಿಯ ಬಹುಭಾಗ ಡೆಸೊಲೇಶನ್ ವೈಲ್ಡರ್‌ನೆಸ್ ಅನ್ನೋ ರಕ್ಷಿತ ಪ್ರದೇಶದೊಳಗೆ ಹೋಗತ್ತೆ. ಒಂದು ದಿನಕ್ಕೆ ಹೋಗೋರಿಗೂ ಪರ್ಮಿಟ್ ಬೇಕು, ಗಾಬರಿ ಬೇಡ, ಉಚಿತ, ಬೇಸಿಗೇಲಿ ಟ್ರೈಲ್‌ಹೆಡ್‌ನಲ್ಲೇ ಫಾರ್ಮ್ ಇಟ್ಟಿರ್ತಾರೆ, ನೀವೇ ತುಂಬಿ ಒಂದು ಪ್ರತಿ ಪೆಟ್ಟಿಗೆಗೆ ಹಾಕಿ ಇನ್ನೊಂದು ಜೊತೇಲಿ ಇಟ್ಕೊಳ್ಳೋದು. ಒಂದು ಪೆನ್ ಮಾತ್ರ ಮರೀಬೇಡಿ. ಗುಂಪಲ್ಲಿ 12 ಜನಕ್ಕಿಂತ ಜಾಸ್ತಿ ಇರೋ ಹಾಗಿಲ್ಲ, ಕನ್ನಡ ಕೂಟದ ಗೆಳೆಯರೆಲ್ಲ ಸೇರಿ ಇಪ್ಪತ್ತು ಜನ ಹೋಗೋ ಆಸೆ ಇದ್ರೆ ಎರಡು ಬೇರೆ ಬೇರೆ ದಿನ ಮಾಡ್ಕೊಳ್ಳಿ. ರಾತ್ರಿ ಉಳಿಯೋದಕ್ಕೆ ಬೇರೆ ಪರ್ಮಿಟ್, ಅದಕ್ಕೆ ದುಡ್ಡು, ಮಿತಿ ಎಲ್ಲ ಇದೆ.

ಬ್ಯಾಗಲ್ಲಿ ಏನಿರ್ಬೇಕು

ನೀರು ಒಬ್ಬೊಬ್ಬರಿಗೂ ಮೂರು ಲೀಟರ್, ಇದರಲ್ಲಿ ಚೌಕಾಸಿ ಬೇಡ. ಕೆಥೀಡ್ರಲ್ ಲೇಕ್ ಬಿಟ್ಟ ಮೇಲೆ ಬೇಸಿಗೆ ಕೊನೇಲಿ ನೀರಿನ ಆಸೆ ಇಟ್ಕೋಬೇಡಿ, ಹಾಗಾಗಿ ಸಣ್ಣ ಫಿಲ್ಟರ್ ಒಂದು ಇದ್ರೆ ಹೋಗ್ತಾ ಬರ್ತಾ ಅಲ್ಲೇ ತುಂಬ್ಕೋಬಹುದು. ನೀರು ಎಷ್ಟೇ ತಿಳಿಯಾಗಿ ಕಂಡ್ರೂ ಹಾಗೇ ಕುಡೀಬೇಡಿ, ಜಿಯಾರ್ಡಿಯಾ ಅನ್ನೋ ಪರಾವಲಂಬಿ ಇರಬಹುದು, ಹೊಟ್ಟೆ ಕೆಟ್ರೆ ವಾರಗಟ್ಲೆ ಕಾಡತ್ತೆ. ಒಂದು ಬಾಟಲಿಗೆ ನಿಂಬೆಹಣ್ಣು, ಉಪ್ಪು, ಸಕ್ಕರೆ ಹಾಕಿ ಶರಬತ್ತು ಮಾಡ್ಕೊಂಡ್ರೆ ಬೆವರಲ್ಲಿ ಹೋದ ಉಪ್ಪು ವಾಪಸ್ ಬರತ್ತೆ.

ಊಟದ ವಿಷಯದಲ್ಲಿ ನಮ್ಮ ಅಡಿಗೇನೇ ಸರಿ ಅಂತ ನನ್ನ ಅಭಿಪ್ರಾಯ. ಎತ್ತರದಲ್ಲಿ ಹಸಿವು ಕಮ್ಮಿ ಆಗತ್ತೆ, ಸಿಹಿ ಸಿಹಿ ಎನರ್ಜಿ ಬಾರ್ ಎರಡು ತಿಂದ್ರೆ ಮೂರನೇದು ಬಾಯಿಗೇ ಹೋಗಲ್ಲ, ಆದ್ರೆ ತುಪ್ಪ, ಚಟ್ನಿಪುಡಿ ಸವರಿ ಸುರುಳಿ ಸುತ್ತಿದ ಚಪಾತಿ ಯಾವಾಗಾದ್ರೂ ಇಳಿಯತ್ತೆ. ಪುಳಿಯೋಗರೆ ತಂಪಾದ್ಮೇಲೂ ಚೆನ್ನಾಗಿರತ್ತೆ. ಕೋಡುಬಳೆ, ಕಡಲೆ ಮಿಠಾಯಿ ಜೇಬಲ್ಲಿ ಇಟ್ಕೊಂಡು ಗಂಟೆಗೊಂದು ಸಲ ಬಾಯಿಗೆ ಹಾಕ್ತಾ ಇರಿ. ಮೊಸರನ್ನ ಮಾತ್ರ ಬೇಡ, ಬಿಸಿಲಿಗೆ ಹುಳಿಯಾಗತ್ತೆ.

ಶೂ ಹಿಡಿತ ಇರೋದು, ಮೊದಲೇ ಹಾಕಿ ಪಳಗಿಸಿರೋದು. ವಾಕಿಂಗ್ ಕೋಲು ಎರಡು ಇದ್ರೆ ಇಳಿಯುವಾಗ ಮಂಡಿ ನಿಮಗೆ ಥ್ಯಾಂಕ್ಸ್ ಹೇಳತ್ತೆ. ಬಟ್ಟೆ ಕಾಟನ್ ಬೇಡ, ಬೆವರಿಗೆ ಒದ್ದೆಯಾಗಿ ಮೇಲೆ ಗಾಳಿ ಬೀಸಿದಾಗ ನಡುಕ ಬರತ್ತೆ. ಬೇಗ ಒಣಗೋ ಟೀಶರ್ಟ್, ಮೇಲೊಂದು ಗಾಳಿ ತಡೆಯೋ ಜಾಕೆಟ್, ಆಗಸ್ಟ್ ಆದ್ರೂ. ಟೋಪಿ, ಕೂಲಿಂಗ್ ಗ್ಲಾಸ್, ಸನ್‌ಸ್ಕ್ರೀನ್. ನಮ್ಮ ಚರ್ಮಕ್ಕೆ ಬಿಸಿಲು ಏನೂ ಮಾಡಲ್ಲ ಅನ್ನೋ ನಂಬಿಕೆ ಇಲ್ಲಿ ಬಿಟ್ಟುಬಿಡಿ, ಎತ್ತರಕ್ಕೆ ಹೋದಷ್ಟೂ ಯುವಿ ಜಾಸ್ತಿ. ಹಗಲಲ್ಲೇ ವಾಪಸ್ ಬರೋ ಪ್ಲಾನ್ ಇದ್ರೂ ಒಂದು ಹೆಡ್‌ಲ್ಯಾಂಪ್, ಬ್ಯಾಂಡೇಜು, ಫೋನಲ್ಲಿ ಡೌನ್‌ಲೋಡ್ ಮಾಡಿದ ಮ್ಯಾಪ್. ಸಿಗ್ನಲ್ ನಂಬ್ಕೊಂಡು ಹೋಗ್ಬೇಡಿ, ಎಷ್ಟೊತ್ತಿಗೆ ವಾಪಸ್ ಬರ್ತೀರಿ ಅಂತ ಮನೇಲಿ ಯಾರಿಗಾದ್ರೂ ಹೇಳಿ ಹೋಗಿ.

ಇನ್ನೊಂದು, ಟಾಹೋ ಕರಡಿಗಳ ಊರು. ಕಾರಲ್ಲಿ ತಿಂಡಿ, ಖಾಲಿ ಡಬ್ಬಿ, ಚೂಯಿಂಗ್ ಗಮ್, ವಾಸನೆ ಬರೋ ಕ್ರೀಮು ಏನೂ ಬಿಡಬೇಡಿ, ಅಲ್ಲಿನ ಕರಡಿಗಳಿಗೆ ಕಾರಿನ ಬಾಗಿಲು ತೆಗೆಯಕ್ಕೆ ಬರತ್ತೆ. ದಾರೀಲಿ ಎದುರಾದ್ರೆ ಓಡಬೇಡಿ, ಜೋರಾಗಿ ಮಾತಾಡ್ತಾ ಅದು ಹೋಗಕ್ಕೆ ಜಾಗ ಬಿಡಿ.

ಶುರು: ಟ್ರೈಲ್‌ಹೆಡ್‌ನಿಂದ ಫ್ಲೋಟಿಂಗ್ ಐಲ್ಯಾಂಡ್ ಲೇಕ್

ಸೌತ್ ಲೇಕ್ ಟಾಹೋದಲ್ಲಿ ಹೈವೇ 50, 89 ಸೇರೋ ಜಾಗಕ್ಕೆ ಎಲ್ಲರೂ "ವೈ" ಅಂತಾರೆ. ಅಲ್ಲಿಂದ 89ರಲ್ಲಿ ಎಮರಾಲ್ಡ್ ಬೇ ಕಡೆ ಸುಮಾರು ನಾಲ್ಕು ಮೈಲಿ ಹೋದ್ರೆ ಬಲಕ್ಕೆ ಬಾಲ್ಡ್‌ವಿನ್ ಬೀಚ್, ಅದರ ಎದುರು ಎಡಕ್ಕೆ ಟ್ಯಾಲಕ್ ಟ್ರೈಲ್‌ಹೆಡ್ ಬೋರ್ಡು. ಬೆಳಿಗ್ಗೆ ಆರೂವರೆ ಒಳಗೆ ನಡೆಯಕ್ಕೆ ಶುರು ಮಾಡಿ. ಬೇಗ ಹೊರಡೋದು ಪಾರ್ಕಿಂಗಿಗೋಸ್ಕರ ಅಷ್ಟೇ ಅಲ್ಲ, ಜುಲೈ ಆಗಸ್ಟಲ್ಲಿ ಮಧ್ಯಾಹ್ನದ ಮೇಲೆ ಸಿಯೆರಾ ಬೆಟ್ಟಗಳಲ್ಲಿ ಗುಡುಗು ಮಿಂಚು ಏಳೋದು ಮಾಮೂಲು, ಆಗ ನೀವು ಶಿಖರದಲ್ಲಿ ಇರಬಾರದು.

ಮೊದಲ ಅರ್ಧ ಗಂಟೆ ಬೇಕಂತಲೇ ನಿಧಾನ ನಡೀರಿ, ಜೊತೆಯವರ ಹತ್ರ ಪೂರ್ತಿ ವಾಕ್ಯ ಮಾತಾಡಕ್ಕೆ ಆಗ್ತಿರ್ಬೇಕು, ಆಗ್ತಿಲ್ಲ ಅಂದ್ರೆ ಜೋರಾಯ್ತು ಅಂತ ಅರ್ಥ. ಸ್ವಲ್ಪ ಹೊತ್ತಿಗೆ ದಾರಿ ಒಂದು ಉದ್ದ ದಿಬ್ಬದ ನೆತ್ತಿ ಮೇಲೆ ಬರತ್ತೆ, ಸಾವಿರಾರು ವರ್ಷದ ಹಿಂದೆ ಹಿಮನದಿ ತಳ್ಕೊಂಡು ಬಂದು ಬಿಟ್ಟುಹೋದ ಕಲ್ಲುಮಣ್ಣಿನ ರಾಶಿ ಅದು, ಎಡಕ್ಕೆ ಕೆಳಗೆ ಉದ್ದಕ್ಕೂ ಫಾಲನ್ ಲೀಫ್ ಲೇಕ್ ಚಾಚ್ಕೊಂಡಿರತ್ತೆ. ಬೆಳಗಿನ ಬಿಸಿಲು ನೀರಿನ ಮೇಲೆ ಬೀಳೋ ಹೊತ್ತಿಗೆ ಇಲ್ಲಿ ಇರ್ತೀರಿ, ಹತ್ತು ನಿಮಿಷ ನಿಂತ್ರೂ ನಷ್ಟ ಇಲ್ಲ. ದಾರಿ ಬದಿ ಕೆಂಪು ತೊಗಟೆಯ ದೊಡ್ಡ ಜೆಫ್ರಿ ಪೈನ್ ಮರ ಕಂಡ್ರೆ ತೊಗಟೆ ಸೀಳಿಗೆ ಮೂಗಿಟ್ಟು ನೋಡಿ, ವೆನಿಲಾ ವಾಸನೆ ಬರತ್ತೆ, ಮಕ್ಕಳಿಗೆ ಬಹಳ ಖುಷಿ.

ಒಂದೂಮುಕ್ಕಾಲು ಮೈಲಿ ಹತ್ರಹತ್ರ ಆದಾಗ ಫ್ಲೋಟಿಂಗ್ ಐಲ್ಯಾಂಡ್ ಲೇಕ್. ಪುಟ್ಟದು, ಕಾಡಿನ ಮಧ್ಯೆ, ನೆರಳು. ಹುಲ್ಲುಬೇರು ಹೆಣ್ಕೊಂಡ ಮಣ್ಣಿನ ತುಂಡುಗಳು ದಡದಿಂದ ಕಿತ್ಕೊಂಡು ನೀರಲ್ಲಿ ತೇಲೋದ್ರಿಂದ ಆ ಹೆಸರು. ಊರಿಂದ ಬೇಸಿಗೆಗೆ ಬಂದಿರೋ ಅಪ್ಪ ಅಮ್ಮ, ಅತ್ತೆ ಮಾವ ಜೊತೇಲಿದ್ರೆ ಅವರಿಗೆ ಇಲ್ಲಿವರೆಗಿನ ದಾರಿ ಒಳ್ಳೆ ಆಯ್ಕೆ, ಆದ್ರೆ ಅವರನ್ನ ಇಲ್ಲಿ ಕೂರಿಸಿ "ನಾವು ಮೇಲೆ ಹೋಗಿ ಬರ್ತೀವಿ" ಅಂತ ಮಾತ್ರ ಹೋಗ್ಬೇಡಿ, ನೀವು ವಾಪಸ್ ಬರಕ್ಕೆ ಆರು ಗಂಟೆ ಬೇಕು. ಒಬ್ಬರು ಅವರ ಜೊತೆ ಇಳಿದು ಬಾಲ್ಡ್‌ವಿನ್ ಬೀಚಿಗೋ ಟೇಲರ್ ಕ್ರೀಕ್ ಕಡೆಗೋ ಕರ್ಕೊಂಡು ಹೋಗಿ, ಅಲ್ಲಿ ಸಮತಟ್ಟು ದಾರಿ.

ಕೆಥೀಡ್ರಲ್ ಲೇಕ್: ಇಲ್ಲಿ ಕೂತು ಯೋಚನೆ ಮಾಡಿ

ಅಲ್ಲಿಂದ ಮುಕ್ಕಾಲು ಮೈಲಿಗೆ ಕೆಥೀಡ್ರಲ್ ಲೇಕ್. ದಾರಿ ಕವಲೊಡೆಯೋ ಕಡೆ ಬೋರ್ಡ್ ಇದೆ, ಫಾಲನ್ ಲೀಫ್ ಕಡೆಯಿಂದ ಹತ್ತಿ ಬರೋ ದಾರಿ ಅಲ್ಲಿ ಸೇರತ್ತೆ, ವಾಪಸ್ ಬರುವಾಗ ಅದಕ್ಕೆ ಇಳಿದುಬಿಡಬೇಡಿ. ಕೆರೆಯ ಹಿಂದೆ ಟ್ಯಾಲಕ್‌ನ ಕಲ್ಲಿನ ಮೈ ನೇರ ಎದ್ದು ನಿಂತಿರೋದು ಕಾಣತ್ತೆ, ಮುಂದೆ ಏನಿದೆ ಅಂತ ಆಗ ಗೊತ್ತಾಗತ್ತೆ. ಆರೂವರೆಗೆ ಹೊರಟಿದ್ರೆ ಎಂಟೂವರೆ ಸುಮಾರಿಗೆ ಇಲ್ಲಿ ಇರ್ತೀರಿ.

ಬ್ಯಾಗ್ ಇಳಿಸಿ, ಚಪಾತಿ ತೆಗೀರಿ, ತಿಂತಾ ನಾಲ್ಕು ವಿಷಯ ನೋಡಿ. ಗಂಟೆ ಹತ್ತು ದಾಟಿದ್ಯಾ? ಯಾರಿಗಾದ್ರೂ ತಲೆನೋವು, ವಾಕರಿಕೆ ಇದ್ಯಾ? ಫಿಲ್ಟರ್ ಮಾಡಿ ತುಂಬ್ಕೊಂಡ ಮೇಲೂ ತಲಾ ಎರಡು ಲೀಟರ್ ಇಲ್ವಾ? ಆಕಾಶದಲ್ಲಿ ಮೋಡ ಹೂಕೋಸಿನ ಥರ ಮೇಲಕ್ಕೆ ಉಬ್ಬಕ್ಕೆ ಶುರು ಮಾಡಿದ್ಯಾ? ಇದರಲ್ಲಿ ಒಂದಕ್ಕೆ ಹೌದು ಅಂದ್ರೂ ಆ ದಿನದ ಚಾರಣ ಕೆರೆವರೆಗೆ. ಗುಂಪಲ್ಲಿ ಈ ಮಾತು ಬಾಯಿಬಿಟ್ಟು ಕೇಳೋರು ಒಬ್ಬರು ಇರ್ಲೇಬೇಕು, ಯಾಕಂದ್ರೆ ನಮ್ಮಲ್ಲಿ ಯಾರೂ "ನಂಗೆ ಆಗ್ತಿಲ್ಲ" ಅಂತ ತಾವಾಗೇ ಹೇಳಲ್ಲ, ಬೇರೆಯವರ ದಿನ ಹಾಳಾಗತ್ತೆ ಅಂತ ಸುಮ್ನೆ ಹಲ್ಲು ಕಚ್ಕೊಂಡು ಹತ್ತುತಾರೆ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿ. ಕೆಥೀಡ್ರಲ್ ಲೇಕ್‌ಗೆ ಹೋಗಿ ನೀರಲ್ಲಿ ಕಾಲಿಟ್ಕೊಂಡು ಎರಡು ಗಂಟೆ ಕೂತು ಬರೋದೂ ಪೂರ್ತಿ ಒಂದು ಚಾರಣವೇ, ನಾನು ಅದಕ್ಕೋಸ್ಕರಾನೇ ಜನರನ್ನ ಕರ್ಕೊಂಡು ಹೋಗ್ತೀನಿ.

ಕೆರೆಯಿಂದ ಶಿಖರ

ಮುಂದಿನ ಒಂದು ಮೈಲಿ ಇಡೀ ದಿನದಲ್ಲೇ ಕಷ್ಟದ್ದು. ಮೂರು ಕಡೆ ಗೋಡೆ ಇರೋ ತಗ್ಗೊಳಗೆ ಕಲ್ಲಿನ ರಾಶಿ ಮೇಲೆ ದಾರಿ ಹತ್ತತ್ತೆ, ಮರ ಮುಗೀತು, ಬಿಸಿಲು ನೇರ ಬೆನ್ನಿಗೆ. ಚಿಕ್ಕ ಹೆಜ್ಜೆ, ಐವತ್ತು ಹೆಜ್ಜೆಗೊಂದು ಉಸಿರಿಗೆ ನಿಲ್ಲೋದು, ಮತ್ತೆ ಐವತ್ತು. ಕಲ್ಲು ಸಡಿಲ, ಹಾಗಾಗಿ ಒಬ್ಬರ ನೇರ ಕೆಳಗೆ ಇನ್ನೊಬ್ಬರು ನಡೀಬೇಡಿ, ಮೇಲಿಂದ ಕಲ್ಲು ಉರುಳಿದ್ರೆ ಜೋರಾಗಿ ಕೂಗಿ ಹೇಳಿ. ಅಡ್ಡದಾರಿ ಮಾಡ್ಕೊಂಡು ತಿರುವು ತಪ್ಪಿಸಬೇಡಿ, ಕಲ್ಲು ಸಡಿಲ ಆಗೋದೇ ಅದರಿಂದ.

ಆ ಗೋಡೆ ಹತ್ತಿ ಏಣು ಮುಟ್ಟಿದ್ರೆ ಬೇರೆ ಲೋಕ. ಬೆಟ್ಟದ ನೈಋತ್ಯ ಮಗ್ಗುಲು, ಅಗಲವಾದ ಇಳಿಜಾರು, ಹುಲ್ಲು ಹೂವು, ಅಲ್ಲಲ್ಲಿ ಗಾಳಿಗೆ ಬಗ್ಗಿರೋ ಮರ, ಎದುರಿಗೆ ಡೆಸೊಲೇಶನ್‌ನ ಬೂದು ಗ್ರಾನೈಟ್ ಶಿಖರಗಳು. ದಾರಿ ಕಡಿದಾಗಿಲ್ಲ, ಆದ್ರೆ ಮುಗಿಯೋದೇ ಇಲ್ಲ ಅನ್ಸತ್ತೆ, ಇದೇ ತುದಿ ಅಂದ್ಕೊಂಡಿದ್ದು ತುದಿ ಅಲ್ಲ. ಶಿಖರಕ್ಕೆ ಸ್ವಲ್ಪ ಮುಂಚೆ ಗಿಲ್‌ಮೋರ್ ಲೇಕ್ ಕಡೆಯಿಂದ ಬರೋ ದಾರಿ ಸೇರತ್ತೆ, ಆ ಬೋರ್ಡಿನ ಫೋಟೋ ತೆಕ್ಕೊಂಡು ನಿಂತು ಹಿಂದೆ ತಿರುಗಿ ನೀವು ಬಂದ ದಾರಿ ಯಾವುದು ಅಂತ ನೋಡ್ಕೊಳ್ಳಿ, ಇಳಿಯುವಾಗ ಇದು ಬೇಕಾಗತ್ತೆ. ಕೊನೇಲಿ ದೊಡ್ಡ ದೊಡ್ಡ ಚಪ್ಪಡಿ ಕಲ್ಲಿನ ಮೇಲೆ ಕೈ ಊರ್ಕೊಂಡು ಹತ್ತಿದ್ರೆ ತುದಿ. ಕೆರೆಯಿಂದ ಎರಡರಿಂದ ಎರಡೂವರೆ ಗಂಟೆ.

ಪೂರ್ವಕ್ಕೆ ನೋಡಿ, 22 ಮೈಲಿ ಉದ್ದ 12 ಮೈಲಿ ಅಗಲದ ಲೇಕ್ ಟಾಹೋ. ಆ ನೀಲಿಗೆ ಕಾರಣ ನೀರಿನ ಆಳ, ಶುಭ್ರತೆ. ಅತಿ ಆಳದ ಕಡೆ 1,645 ಅಡಿ, ಅಮೆರಿಕದಲ್ಲಿ ಒರೆಗಾನಿನ ಕ್ರೇಟರ್ ಲೇಕ್ ಬಿಟ್ರೆ ಇದೇ ಆಳ. ಕೆಳಗೆ ಫಾಲನ್ ಲೀಫ್, ಕ್ಯಾಸ್ಕೇಡ್ ಲೇಕ್, ಎಮರಾಲ್ಡ್ ಬೇ. ದೂರದಲ್ಲಿ ಕೆರೆಯ ಆಗ್ನೇಯಕ್ಕೆ 10,881 ಅಡಿಯ ಫ್ರೀಲ್ ಪೀಕ್, ಈ ಕಣಿವೆಯ ಸುತ್ತ ಇರೋ ಬೆಟ್ಟಗಳಲ್ಲಿ ಅದೇ ಎತ್ತರ. ಹಿಂದಕ್ಕೆ ತಿರುಗಿದ್ರೆ ಗಿಲ್‌ಮೋರ್ ಲೇಕ್, ಲೇಕ್ ಅಲೋಹಾ, ಪಿರಮಿಡ್ ಪೀಕ್. ಇದು ವಾಶೋ ಅನ್ನೋ ಮೂಲನಿವಾಸಿ ಜನರ ನೆಲ, ಬೆಟ್ಟಕ್ಕೆ ಟ್ಯಾಲಕ್ ಅನ್ನೋ ಹೆಸರು ಬಂದಿದ್ದೂ ಅವರ ಭಾಷೆಯಿಂದಲೇ.

ಪೂರ್ವದ ಅಂಚಲ್ಲಿ ಸೆಲ್ಫಿಗೆ ಹಿಂದೆ ಹಿಂದೆ ಹೆಜ್ಜೆ ಇಡಬೇಡಿ, ಅಲ್ಲಿ ನೇರ ಪ್ರಪಾತ. ಅಳಿಲುಗಳು ಮೈಮೇಲೆ ಹತ್ತಿ ಬರ್ತಾವೆ, ಮುದ್ದಾಗಿದ್ರೂ ಏನೂ ಕೊಡಬೇಡಿ, ಬ್ಯಾಗ್ ಜಿಪ್ ಹಾಕಿಡಿ. ಕಿತ್ತಳೆ ಸಿಪ್ಪೆ, ಟಿಶ್ಯೂ ಸಮೇತ ಎಲ್ಲ ಕಸ ವಾಪಸ್ ತನ್ನಿ. ಸ್ಪೀಕರಲ್ಲಿ ಹಾಡು ಹಾಕ್ಬೇಡಿ ಅಂತ ಕೈ ಮುಗಿದು ಕೇಳ್ಕೋತೀನಿ.

ಇಳಿಯೋದು

ಹನ್ನೆರಡೂವರೆ ಆದ್ರೆ ಎಲ್ಲಿದ್ರೂ ತಿರುಗಿ, ಶಿಖರ ಕಾಣ್ತಿದ್ರೂ ಸರಿ. ಗುಡುಗು ಕೇಳಿದ್ರೆ ಗಂಟೆ ನೋಡೋದೇ ಬೇಡ, ಏಣಿನಿಂದ ಬೇಗ ಕೆಳಗಿಳೀರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ. ತಲೆನೋವು ಜಾಸ್ತಿ ಆಗ್ತಿದ್ರೆ ಮಾತ್ರೆ ನುಂಗಿ ಕೂರೋದಲ್ಲ, ಇಳಿಯೋದೇ ಔಷಧಿ, ಸಾವಿರ ಅಡಿ ಇಳಿದ್ರೂ ವ್ಯತ್ಯಾಸ ಗೊತ್ತಾಗತ್ತೆ.

ಫೋಟೋ ತೆಗೆದಿದ್ರಲ್ಲ ಆ ಬೋರ್ಡಿನ ಹತ್ರ ಇಡೀ ಗುಂಪು ಸೇರೋವರೆಗೂ ಕಾಯಿರಿ. ಮಾತಾಡ್ತಾ ಗಿಲ್‌ಮೋರ್ ಲೇಕ್ ದಾರಿ ಹಿಡಿದ್ರೆ ಇಳಿದು ಹೋಗಿ ಸೇರೋದು ಗ್ಲೆನ್ ಆಲ್ಪೈನ್, ಫಾಲನ್ ಲೀಫ್‌ನ ಆಚೆ ತುದಿ, ನಿಮ್ಮ ಕಾರು ಮೈಲಿಗಟ್ಲೆ ದೂರ. ಕೆರೆ ಮೇಲಿನ ಕಲ್ಲುರಾಶಿಯಲ್ಲಿ ಕೋಲು ಮುಂದಿಟ್ಟು ಮಂಡಿ ಸ್ವಲ್ಪ ಬಗ್ಗಿಸಿ ನಿಧಾನ ಇಳೀರಿ, ಸುಸ್ತಾದ ಕಾಲು ಜಾರೋದು ಇಲ್ಲೇ. ಒಟ್ಟು ಇಳಿಯಕ್ಕೆ ಎರಡೂವರೆಯಿಂದ ಮೂರು ಗಂಟೆ. ಶೂ ಬಿಚ್ಚಿ ರಸ್ತೆ ಆಚೆಯ ಬಾಲ್ಡ್‌ವಿನ್ ಬೀಚಲ್ಲಿ ಕಾಲು ನೆನೆಸಿ, ನೀರು ಆಗಸ್ಟಲ್ಲೂ ತಣ್ಣಗಿರತ್ತೆ, ಊದಿದ ಪಾದಕ್ಕೆ ಅದೇ ಬೇಕು.

ಭಾನುವಾರ ಆಗಿದ್ರೆ ಮಧ್ಯಾಹ್ನ ಹೈವೇ 50 ಪ್ಲಾಸರ್‌ವಿಲ್‌ವರೆಗೂ ಜಾಮ್. ಊರಲ್ಲೇ ಊಟ ಮಾಡಿ ಏಳರ ಮೇಲೆ ಹೊರಡಿ, ಡ್ರೈವ್ ಮಾಡೋರು ಎರಡು ಜನ ಪಾಳಿ ಹಾಕ್ಕೊಳ್ಳಿ, ಬೆಟ್ಟ ಹತ್ತಿದ ಸುಸ್ತು ಸ್ಯಾಕ್ರಮೆಂಟೊ ದಾಟಿದ್ಮೇಲೆ ಕಣ್ಣಿಗೆ ಬರತ್ತೆ. ಆ ರಾತ್ರೀನೂ ಅಲ್ಲೇ ಉಳಿಯೋ ಅನುಕೂಲ ಇದ್ರೆ ಇನ್ನೂ ಒಳ್ಳೇದು.